ಠಾಣೆಯ ಒಳಗಿನ ಸದ್ದು ಮತ್ತು ನಮ್ಮ ಬಾನುಲಿ

ಮುಂಬಯಿಯಲ್ಲಾಗಲಿ, ಪುಣೆಯಲ್ಲಾಗಲಿ, ಹೈದರಾಬಾದಿನಲ್ಲಾಗಲಿ, ಬೆಳಗಿನ ಹೊತ್ತು ರಿಕ್ಷಾದಲ್ಲೋ ಟ್ಯಾಕ್ಸಿಯಲ್ಲೋ ಕುಳಿತಾಗ ಕಿವಿಗೆ ಬೀಳುವ ಎಫ್‌ಎಂ ಬಾನುಲಿಯಲ್ಲಿ ಪೊಲೀಸರ ಮಾತು ಆಗಾಗ ಬರುತ್ತದೆ. ಹೆಲ್ಮೆಟ್ ಧರಿಸಿ ಎನ್ನುತ್ತಾರೆ, ಒಟಿಪಿಯನ್ನು ಯಾರಿಗೂ ಹೇಳಬೇಡಿ ಎನ್ನುತ್ತಾರೆ, ಗಣೇಶೋತ್ಸವಕ್ಕೆ ಯಾವ ರಸ್ತೆ ಬಂದ್ ಆಗಿದೆಯೆಂದು ತಿಳಿಸುತ್ತಾರೆ. ಇವೆಲ್ಲ ಬೇಕಾದ ಮಾತುಗಳೇ, ಇವುಗಳ ಬಗ್ಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಇನ್ನೊಂದು ಸಂಗತಿಗೆ. ಅದೇ ಊರಿನ ಠಾಣೆಯೊಂದರಲ್ಲಿ ಹಿಂದಿನ ರಾತ್ರಿ ಒಬ್ಬ ಮನುಷ್ಯ ಹೊಡೆತ ತಿಂದು ಸತ್ತಿದ್ದರೆ, ಆ ನಿರೂಪಕ ತಾನಾಗಿ ವಿಚಾರಿಸಿ ಅದನ್ನು ಕೇಳುಗರಿಗೆ ಹೇಳುವಂತಿಲ್ಲ. ಹೇಳುವ ಮನಸ್ಸಿದ್ದರೂ ಪರವಾನಗಿಯ ಷರತ್ತು ಬಿಡುವುದಿಲ್ಲ. ಖಾಸಗಿ ಎಫ್‌ಎಂ ಕೇಂದ್ರಗಳು ಸ್ವಂತ ಸುದ್ದಿಯನ್ನಾಗಲಿ ಪ್ರಚಲಿತ ವಿದ್ಯಮಾನಗಳ ಚರ್ಚೆಯನ್ನಾಗಲಿ ಪ್ರಸಾರ ಮಾಡಕೂಡದು. ಸಮುದಾಯ ಬಾನುಲಿಗಳಿಗೂ ಅದೇ ಕಟ್ಟು. ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರವೂ ಬದಲಿಸದೆ ಮರುಪ್ರಸಾರ ಮಾಡಬಹುದು, ಅಷ್ಟೇ.

ಈ ಕಟ್ಟನ್ನು ಕುರಿತು ನಮ್ಮ ಓದುಗ ವಲಯದಲ್ಲಿ ಬೇಸರಕ್ಕಿಂತ ಸಮಾಧಾನವೇ ಹೆಚ್ಚು ಕೇಳಿಬರುತ್ತದೆ. ಬಾನುಲಿ ಎಂದರೆ ಮನೆಮಂದಿಯೆಲ್ಲ ಕೂತು ಕೇಳುವಂಥದ್ದು, ಅಲ್ಲಿ ಲಾಠಿ, ರಕ್ತದ ಮಾತು ಏಕೆ ಎನ್ನುತ್ತಾರೆ ಕೆಲವರು. ಅಂಥ ಕಾರ್ಯಕ್ರಮಗಳು ಒಂದೇ ಪಕ್ಷದ ಮಾತನ್ನು ಹೇಳುತ್ತವೆ, ಪೊಲೀಸರ ಸ್ಥೈರ್ಯ ಕುಂದಿಸುತ್ತವೆ ಎನ್ನುತ್ತಾರೆ ಮತ್ತೆ ಕೆಲವರು. ಇನ್ನೂ ಜಾಣರಾದವರು, ತಪ್ಪು ಮಾಹಿತಿ ಹಬ್ಬಿ ಊರಿನ ಹೆಸರು ಕೆಡುತ್ತದೆ ಎಂದು ಎಚ್ಚರಿಸುತ್ತಾರೆ. ಈ ವಾದಗಳು ಹೊಸವಲ್ಲ. ಅವನ್ನು ಒರೆಗೆ ಹಚ್ಚಿ ನೋಡಲು ನಮ್ಮ ಬಾನುಲಿಯ ಚರಿತ್ರೆಯಲ್ಲಿ ನಿದರ್ಶನ ಸಿಗುವುದು ಕಷ್ಟ, ಬಾಯಿ ಕಟ್ಟಿದಲ್ಲಿ ಪರೀಕ್ಷೆಯಾದರೂ ಹೇಗೆ ನಡೆದೀತು? ಆದ್ದರಿಂದ ಎಂಬತ್ತು ವರ್ಷ ಹಿಂದಕ್ಕೆ, ಅಮೆರಿಕಕ್ಕೆ ಹೋಗಬೇಕಾಗಿದೆ.

1946ರ ಫೆಬ್ರುವರಿ 12ರಂದು ಐಸಾಕ್ ವುಡರ್ಡ್ ಎಂಬ ಕಪ್ಪು ಸೈನಿಕ ಜಾರ್ಜಿಯಾ ರಾಜ್ಯದ ಸೇನಾ ಶಿಬಿರದಿಂದ ಬಿಡುಗಡೆಯಾಗಿ, ಹೆಂಡತಿಯನ್ನು ಕೂಡಿಕೊಳ್ಳಲು ಬಸ್ ಹತ್ತಿದ್ದ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ರಂಗದಲ್ಲಿ ದುಡಿದು ಬಂದಿದ್ದ, ಮೈಮೇಲೆ ಇನ್ನೂ ಸಮವಸ್ತ್ರವಿತ್ತು. ಶೌಚಕ್ಕೆ ಹೋಗಿ ಬರುತ್ತೇನೆ, ಬಸ್ ನಿಲ್ಲಿಸು ಎಂದು ಕೇಳಿದ್ದಕ್ಕೆ ಚಾಲಕನೊಡನೆ ಮಾತಿಗೆ ಮಾತು ಬೆಳೆಯಿತು. ದಕ್ಷಿಣ ಕೆರೊಲಿನಾದ ಒಂದು ಸಣ್ಣ ಊರಿನಲ್ಲಿ ಚಾಲಕ ಪೊಲೀಸರನ್ನು ಕರೆದ. ಪೊಲೀಸರು ವುಡರ್ಡನನ್ನು ಕೆಳಗಿಳಿಸಿ ಗಿಡ್ಡ ದೊಣ್ಣೆಯಿಂದ ಹೊಡೆದು ಲಾಕಪ್ಪಿಗೆ ಹಾಕಿದರು. ಬೆಳಗಾಗುವಷ್ಟರಲ್ಲಿ ಅವನ ಎರಡೂ ಕಣ್ಣು ಹೋಗಿದ್ದವು. ಆ ಸ್ಥಿತಿಯಲ್ಲೇ ಅವನನ್ನು ನ್ಯಾಯಾಧಿಕಾರಿಯ ಮುಂದೆ ನಿಲ್ಲಿಸಿ ದಂಡ ವಿಧಿಸಲಾಯಿತು.

ಅವನು ಬರೆಸಿಕೊಟ್ಟ ಪ್ರಮಾಣಪತ್ರವನ್ನು ಕಪ್ಪುಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯವರು ಆರ್ಸನ್ ವೆಲ್ಸ್‌ಗೆ ತಲುಪಿಸಿದರು. ಚಲನಚಿತ್ರಪ್ರಿಯರಿಗೆ 'ಸಿಟಿಜನ್ ಕೇನ್' ನಿರ್ದೇಶಕನಾಗಿ ಪರಿಚಿತನಾದ ಈ ವೆಲ್ಸ್ ಆಗ ಎಬಿಸಿ ಬಾನುಲಿ ಜಾಲದಲ್ಲಿ ಭಾನುವಾರಗಳಂದು ಹದಿನೈದು ನಿಮಿಷದ ವಿಮರ್ಶಾ ಕಾರ್ಯಕ್ರಮ ನಡೆಸುತ್ತಿದ್ದ. 1946ರ ಜುಲೈ 28ರಂದು ಅವನು ಆ ಪ್ರಮಾಣಪತ್ರವನ್ನು ಇದ್ದಂತೆಯೇ ಓದಿದ. ಹೊಡೆದ ಅಧಿಕಾರಿಯ ಹೆಸರು ಯಾರಿಗೂ ತಿಳಿದಿರಲಿಲ್ಲ. ಅವನನ್ನು 'ಆಫೀಸರ್ ಎಕ್ಸ್' ಎಂದು ಕರೆದು, ಪತ್ತೆಯಾಗುವವರೆಗೂ ಬಿಡುವುದಿಲ್ಲ ಎಂದು ಸಾರಿದ. ಮುಂದಿನ ಭಾನುವಾರಗಳಲ್ಲೂ ಅದೇ ವಿಷಯವನ್ನು ಹಿಡಿದ.

ಇಲ್ಲೊಂದು ತಪ್ಪು ನಡೆದಿತ್ತು. ಪ್ರಮಾಣಪತ್ರದಲ್ಲಿ ಊರಿನ ಹೆಸರು ಏಕನ್ ಎಂದಿತ್ತು, ವೆಲ್ಸ್ ಅದನ್ನೇ ಓದಿದ. ಕೃತ್ಯ ನಡೆದದ್ದು ಏಕನ್‌ನಲ್ಲಿ ಅಲ್ಲ, ಬೇಟ್ಸ್‌ಬರ್ಗ್‌ನಲ್ಲಿ. ಕಣ್ಣು ಕಳೆದುಕೊಂಡವನಿಗೆ ತಾನು ಕಣ್ಣು ಕಳೆದುಕೊಂಡ ಊರು ಯಾವುದೆಂಬುದು ಸರಿಯಾಗಿ ಗೊತ್ತಿರಲಿಲ್ಲ. ಏಕನ್ ಊರಿಗೆ ಊರೇ ಸಿಟ್ಟಿಗೆದ್ದಿತು. ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಅಲ್ಲಿನ ಮೇಯರ್ ಪಟ್ಟು ಹಿಡಿದರು. ವೆಲ್ಸ್ ನಟಿಸಿದ್ದ ಚಿತ್ರಕ್ಕೆ ಅಲ್ಲಿ ನಿಷೇಧ ಬಿತ್ತು. ಏಕನ್‌ನವರ ಸಿಟ್ಟಿಗೆ ಕಾರಣವಿರಲಿಲ್ಲ ಎಂದು ನಾವು ಹೇಳುವುದಿಲ್ಲ, ಮಾಡದ ಪಾಪವನ್ನು ಹೊರಲು ಯಾರಿಗೂ ಇಷ್ಟವಿಲ್ಲ. ಓದುವ ಮುನ್ನ ಊರಿನ ಹೆಸರನ್ನು ಖಚಿತಪಡಿಸಿಕೊಳ್ಳಬೇಕಾದದ್ದು ವೆಲ್ಸ್‌ನ ಕರ್ತವ್ಯವಾಗಿತ್ತು ಎಂಬುದರಲ್ಲೂ ನಮಗೆ ಅನುಮಾನವಿಲ್ಲ. ಆದರೆ ಆ ಸಿಟ್ಟಿನ ತೂಕವನ್ನು ಗಮನಿಸಬೇಕು. ಒಬ್ಬನ ಎರಡು ಕಣ್ಣುಗಳು ಒಂದು ತಕ್ಕಡಿಯಲ್ಲಿ, ಊರಿನ ಹೆಸರು ಇನ್ನೊಂದು ತಕ್ಕಡಿಯಲ್ಲಿ. ನಮ್ಮ ಊರಲ್ಲ ಎಂದು ಕೂಗಿದವರ ಪೈಕಿ ಎಷ್ಟು ಮಂದಿ, ಹಾಗಾದರೆ ಯಾವ ಊರು, ಹೊಡೆದವನು ಯಾರು ಎಂದು ಹುಡುಕಲು ಹೊರಟರು?

ಹುಡುಕಾಟ ಬೇರೆಯವರಿಂದ ನಡೆಯಿತು. ಸಾಕ್ಷಿಗಳು ಸಿಕ್ಕರು, ಊರು ಬೇಟ್ಸ್‌ಬರ್ಗ್ ಎಂದು ಸ್ಪಷ್ಟವಾಯಿತು, ಆಫೀಸರ್ ಎಕ್ಸ್ ಎಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ ಲಿನ್‌ವುಡ್ ಶಲ್ ಎಂದು ಗೊತ್ತಾಯಿತು. ವೆಲ್ಸ್ ಆ ಹೆಸರನ್ನೂ ಬಾನುಲಿಯಲ್ಲಿ ಹೇಳಿದ. ನವೆಂಬರ್ ತಿಂಗಳಲ್ಲಿ ವಿಚಾರಣೆ ನಡೆದು, ಬಿಳಿಯರೇ ತುಂಬಿದ್ದ ಜ್ಯೂರಿ ಅರ್ಧ ಗಂಟೆಯೊಳಗೆ ಶಲ್ ನಿರ್ದೋಷಿ ಎಂದಿತು. ತಾನು ಹೊಡೆದದ್ದು ನಿಜವೆಂದು ಶಲ್ ಒಪ್ಪಿಕೊಂಡಿದ್ದ, ಅದು ಆತ್ಮರಕ್ಷಣೆ ಎಂಬುದು ಅವನ ವಾದವಾಗಿತ್ತು. ಈ ಸಲ ಊರಿನ ಹೆಸರು ಸರಿಯಾಗಿತ್ತು, ಮನುಷ್ಯನ ಹೆಸರು ಸರಿಯಾಗಿತ್ತು, ಕೃತ್ಯದ ವಿವರ ಸರಿಯಾಗಿತ್ತು. ಆದರೂ ನ್ಯಾಯಾಲಯದ ಸಭಾಂಗಣದಲ್ಲಿ ಚಪ್ಪಾಳೆ ಬಿದ್ದದ್ದು ಬಿಡುಗಡೆಯಾದವನಿಗೆ. ಬಾನುಲಿಯ ತಪ್ಪು ಮಾಹಿತಿಯೇ ಜನರ ಕೋಪಕ್ಕೆ ಕಾರಣ ಎಂಬ ವಾದವನ್ನು ನಾವು ನಂಬದಿರುವುದು ಇದಕ್ಕಾಗಿಯೇ. ತಪ್ಪನ್ನು ತಿದ್ದಿದ ಮೇಲೂ ಉಳಿಯುವ ಕೋಪ ಮಾಹಿತಿಯನ್ನು ಕುರಿತದ್ದಲ್ಲ.

ವೆಲ್ಸ್‌ನ ಕಾರ್ಯಕ್ರಮ ಅದೇ ಅಕ್ಟೋಬರಿನಲ್ಲಿ ನಿಂತುಹೋಗಿತ್ತು. ಹಾಗೆಂದು ಅದು ವ್ಯರ್ಥವಾಯಿತೇ? ವುಡರ್ಡ್‌ನ ವೃತ್ತಾಂತ ಕೇಳಿ ಕಲಕಿಹೋದ ಅಧ್ಯಕ್ಷ ಟ್ರೂಮನ್ ಡಿಸೆಂಬರ್ 1946ರಲ್ಲಿ ನಾಗರಿಕ ಹಕ್ಕುಗಳ ಸಮಿತಿಯನ್ನು ನೇಮಿಸಿದರು, 1948ರ ಜುಲೈನಲ್ಲಿ ಸೇನೆಯೊಳಗಿನ ವರ್ಣಭೇದವನ್ನು ಕೊನೆಗಾಣಿಸುವ ಆದೇಶ ಹೊರಡಿಸಿದರು. ಆ ವಿಚಾರಣೆ ನಡೆಸಿದ ನ್ಯಾಯಾಧೀಶ ವೇಟೀಸ್ ವೇರಿಂಗ್ 1951ರಲ್ಲಿ ಶಾಲೆಗಳ ವರ್ಣವಿಭಜನೆಯ ವಿರುದ್ಧ ಬರೆದ ಭಿನ್ನಮತದ ತೀರ್ಪು ಚರಿತ್ರೆಯಲ್ಲಿ ನಿಂತಿದೆ. ಇಷ್ಟನ್ನೂ ಬಾನುಲಿಯೊಂದೇ ಮಾಡಿತೆಂದರೆ ಉತ್ಪ್ರೇಕ್ಷೆಯಾದೀತು. ಆದರೆ ಫೆಬ್ರುವರಿಯಿಂದ ಜುಲೈವರೆಗೆ ಹೆಚ್ಚಿನವರ ಕಿವಿಗೆ ಬೀಳದಿದ್ದ ಕಥೆಯನ್ನು ದೇಶದ ಮನೆಮನೆಗೆ ಮುಟ್ಟಿಸುವಲ್ಲಿ ಅದರ ಪಾಲು ದೊಡ್ಡದು.

ಇದರ ಪಕ್ಕದಲ್ಲೇ ಇನ್ನೊಂದು ಸಂಗತಿ. 1949ರಲ್ಲಿ ಅಮೆರಿಕದ ಎನ್‌ಬಿಸಿ ಬಾನುಲಿಯಲ್ಲಿ 'ಡ್ರ್ಯಾಗ್‌ನೆಟ್' ಎಂಬ ಪತ್ತೇದಾರಿ ಧಾರಾವಾಹಿ ಆರಂಭವಾಯಿತು. ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ಸಹಕಾರದಿಂದ, ಇಲಾಖೆಯ ಕಡತಗಳಿಂದ ಆಯ್ದ ಪ್ರಕರಣಗಳನ್ನು ಆಧರಿಸಿ ಅದನ್ನು ತಯಾರಿಸುತ್ತಿದ್ದರು. ಅಲ್ಲಿ ಪೊಲೀಸರದ್ದೇ ಮಾತು, ಪೊಲೀಸರದ್ದೇ ದೃಷ್ಟಿ. ಕೇಳುಗರು ಅದನ್ನು ಎದೆಗಪ್ಪಿಕೊಂಡರು. ಅದನ್ನು 'ಒಂದೇ ಪಕ್ಷದ ಕಾರ್ಯಕ್ರಮ' ಎಂದು ಕರೆದು ಊರೊಂದು ಸಿಟ್ಟಿಗೆದ್ದದ್ದು ನಾವು ಎಲ್ಲೂ ಓದಿಲ್ಲ. ನಮ್ಮಲ್ಲೂ ಹಾಗೆಯೇ. ಸಾಂಗ್ಲಿಯಾನನಿಗೆ ಶಿಳ್ಳೆ ಹೊಡೆಯುವಾಗ ಯಾರೂ ಎದುರು ಪಕ್ಷದ ಹೇಳಿಕೆ ಕೇಳುವುದಿಲ್ಲ. (ಶಂಕರ್‌ನಾಗ್ ಮೇಲಿನ ನಮ್ಮ ಪ್ರೀತಿಗೆ ಇದರಿಂದ ಕುಂದಿಲ್ಲ.) ಒಂದು ಪಕ್ಷದ ಮಾತು ಎಂಬ ಆಕ್ಷೇಪ ಲಾಠಿ ತಿಂದವನು ಬಾಯಿ ತೆರೆದಾಗ ಮಾತ್ರ ನೆನಪಾಗುವಂಥದ್ದು.

ಈಗ ನಮ್ಮ ನಾಡಿಗೆ ಬರೋಣ. ಏಕನ್‌ನವರಿಗೆ ಊರಿನ ಮಾನ ಹೋಯಿತೆಂಬ ಸಿಟ್ಟು. ನಮಗೆ ಊರಿನ ಮಾನ ಹೆಚ್ಚಿತೆಂಬ ಹಿಗ್ಗು. 2019ರ ಡಿಸೆಂಬರ್ 6ರ ಬೆಳಗ್ಗೆ, ಪಶುವೈದ್ಯೆಯೊಬ್ಬರ ಮೇಲೆ ನಡೆದ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಹೈದರಾಬಾದಿನ ಹೊರವಲಯದಲ್ಲಿ ಪೊಲೀಸರು ಗುಂಡಿಟ್ಟು ಕೊಂದಾಗ, ಜನ ಪೊಲೀಸರ ಮೇಲೆ ಹೂವಿನ ಎಸಳು ಸುರಿದರು. ಆಗಿನ ಸೈಬರಾಬಾದ್ ಪೊಲೀಸ್ ಆಯುಕ್ತರು ಹುಬ್ಬಳ್ಳಿ ಮೂಲದವರೆಂದು ತಿಳಿದದ್ದೇ ತಡ, ಕನ್ನಡದಲ್ಲಿ 'ನಮ್ಮ ಹುಬ್ಬಳ್ಳಿಯ ಮಗ' ಎಂಬ ಹೊಗಳಿಕೆಯ ಹೊಳೆ ಹರಿಯಿತು. ಆ ಹೆಣ್ಣುಮಗಳಿಗೆ ಆದ ಘೋರ ಅನ್ಯಾಯಕ್ಕೆ ಕುದಿಯದ ಮನಸ್ಸು ಮನಸ್ಸೇ ಅಲ್ಲ. ಆದರೆ ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಹಿರಂಗವಾದಾಗ, ಗುಂಡು ಹಾರಿದ್ದು ಕೊಲ್ಲುವ ಉದ್ದೇಶದಿಂದಲೇ, ಪೊಲೀಸರು ಹೇಳಿದ ಕಥೆ ನಂಬಲರ್ಹವಲ್ಲ ಎಂದು ಅದರಲ್ಲಿತ್ತು. ಸತ್ತವರಲ್ಲಿ ಮೂವರು ಅಪ್ರಾಪ್ತ ವಯಸ್ಸಿನವರೆಂದೂ, ಹತ್ತು ಮಂದಿ ಪೊಲೀಸರನ್ನು ಕೊಲೆ ಆರೋಪದ ಮೇಲೆ ವಿಚಾರಣೆಗೆ ಒಳಪಡಿಸಬೇಕೆಂದೂ ಆಯೋಗ ಹೇಳಿತು. ಪ್ರಕರಣ ಮುಂದೆ ತೆಲಂಗಾಣ ಹೈಕೋರ್ಟಿಗೆ ಹೋಯಿತು. ಹೂವು ಸುರಿದ ಜನ ಹುಟ್ಟುಕ್ರೂರಿಗಳಲ್ಲ. ಅವರಿಗೆ ಆ ದಿನ ಕೇಳಿಸಿದ್ದು ಒಂದೇ ಧ್ವನಿ. ವರದಿಯ ಪುಟಗಳನ್ನು ಅವರ ಭಾಷೆಯಲ್ಲಿ, ಅವರ ಆಟೋದಲ್ಲಿ, ಅವರ ಅಂಗಡಿಯಲ್ಲಿ ಓದಿ ಹೇಳಬಹುದಾಗಿದ್ದ ಬಾನುಲಿಗಳಿಗೆ ಬೀಗ ಬಿದ್ದಿತ್ತು.

ಮರುವರ್ಷ, 2020ರ ಜೂನ್‌ನಲ್ಲಿ, ತಮಿಳುನಾಡಿನ ಸಾತ್ತಾನ್‌ಕುಳಂ ಎಂಬ ಪಟ್ಟಣದಲ್ಲಿ ಲಾಕ್‌ಡೌನ್ ವೇಳೆ ಮೀರಿ ಅಂಗಡಿ ತೆರೆದಿದ್ದರೆಂಬ ಆರೋಪದ ಮೇಲೆ ಪೊಲೀಸರು ಹಿಡಿದೊಯ್ದ ತಂದೆ ಮತ್ತು ಮಗ ಕೆಲವೇ ದಿನಗಳಲ್ಲಿ ಒಬ್ಬರ ಹಿಂದೊಬ್ಬರು ತೀರಿಕೊಂಡರು. ತಮಿಳುನಾಡಿನ ಆಚೆಗೆ ಆ ಸುದ್ದಿ ಹಬ್ಬಿದ್ದು ಹೇಗೆಂದು ಚೆನ್ನೈ ಓದುಗರಿಗೆ ನೆನಪಿದ್ದೀತು. ಬಾನುಲಿ ನಿರೂಪಕಿಯಾಗಿ ಹೆಸರು ಮಾಡಿದ್ದ ಗಾಯಕಿಯೊಬ್ಬರು ಆ ರಾತ್ರಿಯ ವಿವರಗಳನ್ನು ಇಂಗ್ಲಿಷಿನಲ್ಲಿ ಹೇಳಿದ ವಿಡಿಯೋ ಒಂದನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಅದು ಲಕ್ಷಾಂತರ ಜನರನ್ನು ಮುಟ್ಟಿತು. ಜುಲೈನಲ್ಲಿ ಸಿಬಿ–ಸಿಐಡಿಯವರು, ವಿಡಿಯೋದಲ್ಲಿರುವುದು ಸುಳ್ಳು ಮತ್ತು ಉತ್ಪ್ರೇಕ್ಷೆ, ಯಾರೂ ನಂಬಬೇಡಿ ಎಂದು ಪ್ರಕಟಣೆ ನೀಡಿದರು. ವಿಡಿಯೋ ಮಾಯವಾಯಿತು. ಆ ವಿಡಿಯೋದ ಒಂದೊಂದು ವಿವರಕ್ಕೂ ನಾವು ಜಾಮೀನು ನಿಲ್ಲುವುದಿಲ್ಲ. ನಮ್ಮ ಪ್ರಶ್ನೆಯೇ ಬೇರೆ. ಧ್ವನಿಯಿಂದಲೇ ಹೆಸರಾದ ನಿರೂಪಕಿಗೂ ಈ ಮಾತನ್ನು ಹೇಳಲು ಇನ್‌ಸ್ಟಾಗ್ರಾಮೇ ಗತಿ ಏಕಾಯಿತು? ಸಂಪಾದಕನಿರುವ, ಪರಿಶೀಲನೆಯಿರುವ, ತಪ್ಪಿದರೆ ಮರುದಿನ ಅದೇ ಹೊತ್ತಿಗೆ ತಿದ್ದುಪಡಿ ಓದಬೇಕಾದ ಹೊಣೆಯಿರುವ ಬಾನುಲಿಗೆ ಬೀಗ ಹಾಕಿ, ಆಮೇಲೆ ವದಂತಿ ಹಬ್ಬಿತೆಂದು ಜನರನ್ನು ಬೈಯುವುದು ಯಾವ ನ್ಯಾಯ? ವೆಲ್ಸ್ ತಪ್ಪು ಊರನ್ನು ಹೆಸರಿಸಿದ, ಆದರೆ ಅದೇ ಮೈಕಿನಲ್ಲಿ ಸರಿಯಾದ ಊರನ್ನೂ ಹೆಸರಿಸಿದ.

ಪೊಲೀಸರ ಸ್ಥೈರ್ಯದ ವಾದಕ್ಕೂ ಸಾತ್ತಾನ್‌ಕುಳಂನಲ್ಲೇ ಉತ್ತರವಿದೆ. ಆ ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಮ್ಯಾಜಿಸ್ಟ್ರೇಟರ ಮುಂದೆ, ರಾತ್ರಿಯಿಡೀ ಹೊಡೆತ ನಡೆಯಿತೆಂದು ಸಾಕ್ಷಿ ನುಡಿದರು. ಸಹೋದ್ಯೋಗಿಗಳ ಭಯದಿಂದ ಅವರು ನಡುಗುತ್ತಿದ್ದರೆಂದು ಮ್ಯಾಜಿಸ್ಟ್ರೇಟರೇ ವರದಿಯಲ್ಲಿ ದಾಖಲಿಸಿದರು. ಖಾಕಿ ತೊಟ್ಟವರ ಸ್ಥೈರ್ಯದ ಬಗ್ಗೆ ಅಷ್ಟೊಂದು ಕಾಳಜಿ ಇರುವವರು ಈ ಹೆಣ್ಣುಮಗಳ ಸ್ಥೈರ್ಯವನ್ನು ಲೆಕ್ಕಕ್ಕೆ ಹಿಡಿದಿದ್ದಾರೆಯೇ? ಇಲಾಖೆಯೊಳಗಿನ ಪ್ರಾಮಾಣಿಕರು ಒಂಟಿಯಲ್ಲ ಎಂದು ಹೇಳುವ ಕೆಲಸವನ್ನೂ ಬಾನುಲಿ ಮಾಡಬಲ್ಲದು.

ಇನ್ನು ಆಕಾಶವಾಣಿ. ಆ ಹೆಸರು ಕನ್ನಡನಾಡಿನದು. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆರಂಭಿಸಿದ ಬಾನುಲಿಗೆ ಇಟ್ಟ ಹೆಸರನ್ನು ಮುಂದೆ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು. ನಾವು ಹೊರನಾಡಿಗರು ಇದನ್ನು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಪುರಾಣದ ಆಕಾಶವಾಣಿ ಕಂಸನಿಗೆ ಅವನು ಕೇಳಬಯಸದ ಮಾತನ್ನೇ ನುಡಿದದ್ದು ಎಂಬುದನ್ನು ಮಾತ್ರ ಮರೆಯುತ್ತೇವೆ. 1976ರ ಮೇ ತಿಂಗಳಲ್ಲಿ, ತುರ್ತುಪರಿಸ್ಥಿತಿಯ ನಡುವೆ, ಬೆಂಗಳೂರಿನಲ್ಲಿ ಪೊಲೀಸರು ಜಾರ್ಜ್ ಫರ್ನಾಂಡಿಸ್ ಅವರ ತಮ್ಮ ಲಾರೆನ್ಸ್‌ರನ್ನು ಹಿಡಿದು, ಅಣ್ಣನ ಸುಳಿವು ಹೇಳೆಂದು ಚಿತ್ರಹಿಂಸೆ ಕೊಟ್ಟರು. ಮುಂಬಯಿಯ ಕಾರ್ಮಿಕರು ಜಾರ್ಜ್‌ರನ್ನು ತಮ್ಮವರೆಂದೇ ತಿಳಿದಿದ್ದವರು. ಆದರೆ ಲಾರೆನ್ಸ್‌ಗೆ ಆದದ್ದನ್ನು ಅವರಿಗೆ ತಿಳಿಸುವ ಬಾನುಲಿ ಈ ದೇಶದಲ್ಲಿರಲಿಲ್ಲ. ಇದ್ದದ್ದು ಸರ್ಕಾರದ ಕೈಯಲ್ಲಿದ್ದ ಒಂದೇ ಬಾನುಲಿ. ಸರ್ಕಾರದ ಬಾನುಲಿಯೊಂದಕ್ಕೇ ಸುದ್ದಿಯ ಹಕ್ಕು ಎಂಬ ನಿಯಮ ದೇಶದ ಭದ್ರತೆಗೆ ಎನ್ನುವವರು ಆ ದಿನಗಳನ್ನು ನೆನೆಯಬೇಕು. ರುವಾಂಡಾದಲ್ಲಿ 1994ರಲ್ಲಿ ಖಾಸಗಿ ಬಾನುಲಿಯೇ ನರಮೇಧಕ್ಕೆ ಪ್ರಚೋದಿಸಿತಲ್ಲ ಎಂದು ಕೇಳುವವರಿದ್ದಾರೆ. ಪ್ರಚೋದಿಸಿದ್ದು ನಿಜ. ಆ ಬಾನುಲಿಯ ಬೆನ್ನಿಗೆ ಅಧಿಕಾರಸ್ಥರೇ ನಿಂತಿದ್ದರು ಎಂಬುದೂ ಅಷ್ಟೇ ನಿಜ.

ಈ ವಿಷಯ ನಮಗೇಕೆ ಎನ್ನುವ ಓದುಗರಿಗೆ ಒಂದು ಮಾತು. ಯಾದಗಿರಿ, ಕಲಬುರಗಿ, ರಾಯಚೂರಿನಿಂದ ಮುಂಬಯಿ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಬಂದ ಕನ್ನಡಿಗರು ಸಾಹಿತ್ಯ ಸಂಘಗಳ ಸಭೆಗೆ ಬರುವವರಲ್ಲ. ಮೊಬೈಲಿನಲ್ಲಿ ಹಾಡು ಕೇಳುತ್ತ ಇಟ್ಟಿಗೆ ಹೊರುವವರು. ರಾತ್ರಿ ಪಾಳಿ ಮುಗಿಸಿ ಬರುವ ಹೋಟೆಲ್ ಹುಡುಗರೂ ಹಾಗೆಯೇ. ಕಳವಾದರೆ ಮೊದಲು ಅನುಮಾನ ಬೀಳುವುದು ಇಂಥವರ ಜೋಪಡಿಯ ಮೇಲೆ. ಮರಾಠಿಯಲ್ಲೋ ತೆಲುಗಿನಲ್ಲೋ ಕೇಳಿದ ಪ್ರಶ್ನೆಗೆ ಉತ್ತರ ಹೇಳಲು ತೊದಲಿದರೆ ತೊದಲಿದ್ದೇ ಅಪರಾಧದ ಪುರಾವೆಯಾಗುತ್ತದೆ. ಬಂಧಿಸಿದರೆ ಬಂಧುವೊಬ್ಬರಿಗೆ ತಿಳಿಸಬೇಕೆಂದು 1996ರ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮಹಾರಾಷ್ಟ್ರದ್ದೇ ಆದ ಹರಿಕಿಸನ್ ಪ್ರಕರಣದಲ್ಲಿ, ಮುಂಜಾಗ್ರತಾ ಬಂಧನಕ್ಕೆ ಒಳಗಾದವನಿಗೆ ಕಾರಣಗಳನ್ನು ಅವನಿಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕೆಂದು 1962ರಷ್ಟು ಹಿಂದೆಯೇ ತೀರ್ಪಾಗಿದೆ. ಠಾಣೆಗಳಲ್ಲಿ ಸಿಸಿಟಿವಿ ಇರಲೇಬೇಕೆಂದು 2020ರ ಡಿಸೆಂಬರಿನಲ್ಲಿ ಆದೇಶವಾಗಿದೆ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ 1997ರಲ್ಲಿ ಸಹಿ ಹಾಕಿದ ಭಾರತ ಇಂದಿಗೂ ಅದನ್ನು ಅನುಮೋದಿಸಿಲ್ಲ. ಇವುಗಳಲ್ಲಿ ಒಂದಾದರೂ ಆ ಇಟ್ಟಿಗೆ ಹೊರುವವನ ಕಿವಿಗೆ, ಅವನ ಕನ್ನಡದಲ್ಲಿ, ಬಿದ್ದಿದೆಯೇ? ಮನೆಮಂದಿ ಕೂತು ಕೇಳುವಾಗ ಇಂಥ ಮಾತು ಬೇಡ ಎನ್ನುವವರು ಅವನಿಗೂ ಮನೆಮಂದಿ ಇದ್ದಾರೆಂಬುದನ್ನು ನೆನಪಿಡಬೇಕು.

ನಾವು ಕೇಳುವುದು ಹೆಚ್ಚಿನದೇನಲ್ಲ. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರ ಫೆಬ್ರುವರಿಯಲ್ಲೇ ಹೇಳಿದೆ. ಖಾಸಗಿ ಎಫ್‌ಎಂಗೆ ಗಂಟೆಗೆ ಹತ್ತು ನಿಮಿಷ ಸುದ್ದಿಗೆ ಅವಕಾಶ ಕೊಡಬಹುದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2023ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿದೆ. ಅದನ್ನು ಜಾರಿಗೆ ತರಲಿ, ಸಮುದಾಯ ಬಾನುಲಿಗಳಿಗೂ ವಿಸ್ತರಿಸಲಿ. ಅಲ್ಲಿಯವರೆಗೆ ಆಕಾಶವಾಣಿ ಒಂದು ಕೆಲಸ ಮಾಡಬಹುದು. ಪೊಲೀಸ್ ವಶದಲ್ಲಿ ಸಾವು ಸಂಭವಿಸಿದರೆ ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಲೇಬೇಕೆಂದು ಕಾನೂನಿದೆ. ಬಹಿರಂಗಗೊಂಡ ವಿಚಾರಣಾ ವರದಿಗಳನ್ನೂ, ಮಾನವ ಹಕ್ಕುಗಳ ಆಯೋಗದ ಆದೇಶಗಳನ್ನೂ ವಾರಕ್ಕೊಮ್ಮೆ, ಅರ್ಧ ಗಂಟೆ, ಆಯಾ ಪ್ರದೇಶದ ಭಾಷೆಯಲ್ಲೂ ಅಲ್ಲಿಗೆ ವಲಸೆ ಬಂದವರ ಭಾಷೆಯಲ್ಲೂ ಓದಲಿ. ಹಿನ್ನೆಲೆ ಸಂಗೀತ ಬೇಡ, ನಾಟಕ ಬೇಡ. ಪೊಲೀಸ್ ಇಲಾಖೆಯ ಉತ್ತರವಿದ್ದರೆ ಅದನ್ನೂ ಅಷ್ಟೇ ಸ್ಪಷ್ಟವಾಗಿ ಓದಲಿ. ಕೇಳುಗರು ಬೈದು ಬರೆದ ಪತ್ರಗಳನ್ನು ಮುಂದಿನ ವಾರ ಓದಲಿ. ಆ ಪತ್ರಗಳಿಗೆ ಉತ್ತರ ಬರೆಯುವ ಕೆಲಸಕ್ಕೆ ನಾವು ಸಿದ್ಧರಿದ್ದೇವೆ.